ಆಕಾಶದ ತೂತೂ ಹರಿಹರದ ಹೊಳೆಯೂ

ಹಗಲಿರುಳೆನ್ನದೆ ಮಳೆ ಹೊಯ್ದಾಗ ‘ಆಕಾಶಕ್ಕೇ ತೂತು ಬಿದ್ದಿದೆ’ ಎನ್ನುವುದು ನಮ್ಮ ಕಡೆಯ ಹಳೆಯ ಮಾತು. ಆಡುವವರಿಗೂ ಕೇಳುವವರಿಗೂ ಅದು ಬರಿಯ ಅಲಂಕಾರವೆಂಬುದು ತಿಳಿದಿತ್ತು. ಇಂದು ಶಾಲೆಯ ಮಕ್ಕಳು ಅದೇ ಮಾತನ್ನು ಅಲಂಕಾರವೆಂದಲ್ಲ, ಶಾಸ್ತ್ರವೆಂದು ಬರೆಯುತ್ತಾರೆ. ಸೆಪ್ಟೆಂಬರ್ 16 ಓಜೋನ್ ಸಂರಕ್ಷಣೆಯ ದಿನ. ಆ ದಿನದ ಹೆಸರಿನಲ್ಲಿ ಏರ್ಪಟ್ಟ ಪ್ರಬಂಧ ಸ್ಪರ್ಧೆಯೊಂದರ ಕಾಗದದ ಕಟ್ಟು, ಕೆಲವು ವರ್ಷಗಳ ಕೆಳಗೆ, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ನನ್ನ ಮನೆಗೆ ಬಂದಿತು. ಓದಿ ಅಂಕ ಕೊಡುವ ಕೆಲಸ ನನ್ನದು. ಅಕ್ಷರಗಳು ದುಂಡಾಗಿದ್ದವು; ಉತ್ಸಾಹಕ್ಕೂ ಕೊರತೆಯಿರಲಿಲ್ಲ. ಆದರೆ ಹತ್ತರಲ್ಲಿ ಎಂಟು ಪ್ರಬಂಧಗಳು ಒಂದೇ ವಾಕ್ಯದ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದವು: ಕಾರ್ಖಾನೆಗಳ ಹೊಗೆಯಿಂದ ಓಜೋನ್ ಪದರಕ್ಕೆ ತೂತು ಬಿದ್ದು, ಆ ತೂತಿನಿಂದ ಬಿಸಿಲು ಒಳನುಗ್ಗಿ ಭೂಮಿ ಕಾಯುತ್ತಿದೆ, ಆದುದರಿಂದ ನಾವೆಲ್ಲರೂ ಗಿಡ ನೆಡಬೇಕು.

ಮಕ್ಕಳು ಇದನ್ನು ತಾವಾಗಿ ಕಟ್ಟಿದ್ದಲ್ಲ. ಸಭೆಗಳಲ್ಲಿ ಹಿರಿಯರು ಆಡುವುದನ್ನು ಕೇಳಿ ಕೇಳಿ ಬಂದದ್ದು. ವಾಕ್ಯದ ಒಂದೊಂದು ಪದವೂ ನಿಜವೇ: ಹೊಗೆ ಉಂಟು, ತೂತು ಉಂಟು, ಭೂಮಿ ಕಾಯುತ್ತಿರುವುದೂ ಉಂಟು, ಗಿಡ ನೆಡುವುದು ಒಳ್ಳೆಯ ಕೆಲಸವೂ ಹೌದು. ಅವನ್ನು ಒಂದಕ್ಕೊಂದು ಗಂಟುಹಾಕಿದ ದಾರ ಮಾತ್ರ ಸುಳ್ಳು. ಕಾರ್ಖಾನೆಯ ಕರಿಯ ಹೊಗೆ ಓಜೋನನ್ನು ತಿಂದದ್ದಲ್ಲ. ಓಜೋನ್ ತೆಳುವಾಯಿತೆಂದು ದಾವಣಗೆರೆಯ ಏಪ್ರಿಲ್ ತಿಂಗಳು ಇಷ್ಟು ಸುಡುತ್ತಿರುವುದೂ ಅಲ್ಲ. ಆ ತೂತು ನಮ್ಮ ನೆತ್ತಿಯ ಮೇಲಿಲ್ಲ. ಭೂಮಿಯ ತೆಂಕಣ ತುದಿಯಲ್ಲಿ, ಅಂಟಾರ್ಕ್ಟಿಕದ ಹಿಮದ ಮೇಲೆ, ವರ್ಷಕ್ಕೆ ಕೆಲವು ತಿಂಗಳು ತೆರೆದು ಮುಚ್ಚುತ್ತದೆ. ಗಿಡ ನೆಟ್ಟು ಅದನ್ನು ಮುಚ್ಚಲು ಬರುವುದಿಲ್ಲ. ಇದನ್ನೆಲ್ಲ ಎತ್ತಿ ಆಡುವುದು ಪಂಡಿತರ ತಗಾದೆಯೆಂದು ಕೆಲವರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಯಾವ ವಿಷ, ಯಾರ ಕೈಯಿಂದ ಹೊರಟಿತು, ಎಲ್ಲಿಗೆ ಹೋಗಿ ಏನನ್ನು ಕೆಡಿಸಿತು ಎಂದು ಬಿಡಿಬಿಡಿಯಾಗಿ ಕೇಳಿದುದರಿಂದಲೇ ಆ ದೂರದ ತೂತು ಇಂದು ಮುಚ್ಚುವ ದಾರಿಯಲ್ಲಿದೆ. ಹಾಗೆ ಕೇಳದೆ ಎಲ್ಲವನ್ನೂ ‘ಪರಿಸರ ಮಾಲಿನ್ಯ’ವೆಂಬ ಒಂದೇ ಗೋಣಿಚೀಲಕ್ಕೆ ತುಂಬಿದುದರಿಂದ, ನಮ್ಮ ಊರಿಗೆ ಹದಿನೈದು ಕಿಲೋಮೀಟರಿನೊಳಗೆ ಹರಿಯುವ ಹೊಳೆಯ ಗತಿ ಇನ್ನೂ ನೆಟ್ಟಗಾಗಿಲ್ಲ.

ಓಜೋನ್ ಎಂಬುದು ಯಾವುದೋ ಪರಕೀಯ ದ್ರವ್ಯವಲ್ಲ. ನಾವು ಉಸಿರಾಡುವ ಆಮ್ಲಜನಕದ ಒಡಹುಟ್ಟು. ಉಸಿರಿನ ಆಮ್ಲಜನಕದಲ್ಲಿ ಪರಮಾಣುಗಳು ಎರಡೆರಡಾಗಿ ಜೋಡಿಗೊಂಡಿರುತ್ತವೆ, ಓಜೋನಿನಲ್ಲಿ ಮೂರು. ಭೂಮಿಯಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಅತಿನೇರಿಳೆ ಕಿರಣವು ಜೋಡಿಯನ್ನು ಒಡೆಯುತ್ತದೆ. ಒಂಟಿಯಾದ ಪರಮಾಣು ಇನ್ನೊಂದು ಜೋಡಿಯ ಮನೆಹೊಕ್ಕು ಮೂರನೆಯದಾಗುತ್ತದೆ. ಹೀಗೆ ಹುಟ್ಟಿದ ಓಜೋನ್ ತಾನೂ ಅತಿನೇರಿಳೆಯನ್ನು ಹೀರಿ ಒಡೆಯುತ್ತದೆ, ಮತ್ತೆ ಕೂಡುತ್ತದೆ. ಈ ಒಡೆತ ಕೂಡಿಕೆಗಳ ಲೆಕ್ಕವನ್ನು ಮೊದಲು ಬರೆದು ತೋರಿಸಿದವರು ಇಂಗ್ಲೆಂಡಿನ ಸಿಡ್ನಿ ಚಾಪ್ಮನ್, 1930ರಲ್ಲಿ. ಅಷ್ಟು ಎತ್ತರದಲ್ಲಿ ಚದರಿರುವ ಓಜೋನನ್ನೆಲ್ಲ ಬಾಚಿ ತಂದು ನೆಲದ ಮಟ್ಟದಲ್ಲಿ ಹಾಸಿದರೆ ಅದರ ದಪ್ಪ ಮೂರು ಮಿಲಿಮೀಟರ್. ಒಂದರ ಮೇಲೊಂದು ಇಟ್ಟ ಎರಡು ನಾಣ್ಯಗಳಷ್ಟು. ನಮ್ಮ ಉಷ್ಣವಲಯದ ಮೇಲೆ ಇನ್ನೂ ತುಸು ತೆಳು. ಇಷ್ಟು ನವಿರಾದ ಹೊದಿಕೆ ಹರಿದರೆ ಕಣ್ಣಿಗೆ ಪೊರೆ, ಚರ್ಮಕ್ಕೆ ಕ್ಯಾನ್ಸರ್, ಬೆಳೆಗೆ ಕುಂದು, ಕಡಲಿನ ಮೇಲ್ಮೈಯಲ್ಲಿ ತೇಲುವ ಸಣ್ಣ ಜೀವರಾಶಿಗೆ ಹಾನಿ.

ಓಜೋನಿನ ಅಳತೆಗೆ ನಮ್ಮ ದೇಶದವರ ಸೇವೆಯೂ ಸಂದಿದೆಯೆಂಬುದನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಸರ್ ಸಿ. ವಿ. ರಾಮನ್ನರ ಬಳಿ ಕೆಲಸ ಮಾಡಿ, ಮುಂದೆ ಅಹಮದಾಬಾದಿನ ಭೌತ ಸಂಶೋಧನಾಲಯದ ಮೊದಲ ನಿರ್ದೇಶಕರಾದ ಕೆ. ಆರ್. ರಾಮನಾಥನ್ ಅವರು ಭಾರತದ ಮೇಲಣ ಓಜೋನನ್ನು ಅಳೆಯುವ ಕೆಲಸಕ್ಕೆ ಆಯುಷ್ಯದ ಬಹುಭಾಗವನ್ನು ಕೊಟ್ಟವರು. 1957ರಲ್ಲಿ ಅಂತರರಾಷ್ಟ್ರೀಯ ಭೂಭೌತ ವರ್ಷ ಆರಂಭವಾದಾಗ ಕೊಡೈಕನಾಲಿನಲ್ಲಿ ಡಾಬ್ಸನ್ ಯಂತ್ರವೊಂದು ಆಕಾಶ ನೋಡತೊಡಗಿತು. ಅದೇ ಕಾಲಕ್ಕೆ ಅಂಟಾರ್ಕ್ಟಿಕದ ಹ್ಯಾಲಿ ಎಂಬ ಬ್ರಿಟಿಷ್ ಠಾಣ್ಯದಲ್ಲಿಯೂ ಅಂಥದೇ ಯಂತ್ರ ಕೆಲಸಕ್ಕೆ ನಿಂತಿತು. ಈ ಎರಡನೆಯದರ ಕಥೆ ಮುಂದೆ ಬರುತ್ತದೆ.

ಚಾಪ್ಮನ್ನರ ಲೆಕ್ಕ ಹೊರಬಂದ 1930ರಲ್ಲಿಯೇ ಅಮೆರಿಕದಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಗಿನ ಫ್ರಿಜ್ಜುಗಳಲ್ಲಿ ಅಮೋನಿಯ, ಗಂಧಕದ ಡಯಾಕ್ಸೈಡ್, ಮೀಥೈಲ್ ಕ್ಲೋರೈಡ್ ಮುಂತಾದ ಅನಿಲಗಳು ಹರಿಯುತ್ತಿದ್ದವು. ಸೋರಿದರೆ ಮನೆಯವರ ಜೀವಕ್ಕೇ ಅಪಾಯ. ಥಾಮಸ್ ಮಿಜ್ಲಿ ಎಂಬ ರಸಾಯನಜ್ಞ ಇದಕ್ಕೆ ಬದಲಾಗಿ ಹೊಸ ಅನಿಲವೊಂದನ್ನು ಸಿದ್ಧಮಾಡಿ, ವಿದ್ವತ್ಸಭೆಯ ಮುಂದೆ ಅದನ್ನು ಎದೆತುಂಬ ಸೇದಿ, ಉರಿಯುವ ಮೋಂಬತ್ತಿಯ ಮೇಲೆ ಉಸುರಿ ಆರಿಸಿ ತೋರಿಸಿದ. ವಿಷವಲ್ಲ, ಹೊತ್ತಿಕೊಳ್ಳುವುದೂ ಇಲ್ಲ! ಕ್ಲೋರೀನು, ಫ್ಲೂರೀನು, ಇಂಗಾಲ ಸೇರಿದ ಈ ಕ್ಲೋರೋಫ್ಲೂರೋಕಾರ್ಬನ್ ಅನಿಲಗಳೇ ಫ್ರಿಯಾನ್ ಎಂಬ ಹೆಸರಿನಿಂದ ಲೋಕವನ್ನೆಲ್ಲ ತಂಪುಮಾಡಿದವು. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಿಜ್ಲಿಯದು. ಒಬ್ಬನೇ ಮನುಷ್ಯನ ಎರಡು ಬುದ್ಧಿವಂತಿಕೆಗಳು ಇಡೀ ಭೂಮಂಡಲಕ್ಕೆ ಇಷ್ಟು ದುಬಾರಿಯಾದ ನಿದರ್ಶನ ಚರಿತ್ರೆಯಲ್ಲಿ ಇನ್ನೊಂದು ಸಿಕ್ಕುವುದು ಕಷ್ಟ. ಆದರೆ ಅವನನ್ನು ಕೇಡಿಗನೆಂದು ಕರೆಯಲು ನನಗೆ ಮನಸ್ಸಿಲ್ಲ. ಫ್ರಿಯಾನಿನ ಮಟ್ಟಿಗಾದರೂ ಅವನು ಹೊರಟದ್ದು ಜೀವ ಉಳಿಸಲಿಕ್ಕೆ.

ಮಿಜ್ಲಿ ಸಭೆಯಲ್ಲಿ ತೋರಿಸಿದ್ದನ್ನು ನಾನು ನಮ್ಮ ಬಡಾವಣೆಯಲ್ಲಿಯೇ ಕೇಳಿದ್ದೇನೆ. ಬಹಳ ವರ್ಷಗಳ ಹಿಂದೆ ನೆರೆಮನೆಯ ಫ್ರಿಜ್ಜು ಕೆಟ್ಟು, ರಿಪೇರಿಯ ಹುಡುಗನೊಬ್ಬ ಬಂದಿದ್ದ. ಹಿಂಬದಿಯ ತಾಮ್ರದ ಕೊಳವೆಯನ್ನು ಕತ್ತರಿಸಿದಾಗ ಸುಯ್ಯೆಂದು ಸದ್ದಾಯಿತು.

“ಅದೇನಪ್ಪ ಸದ್ದು?” ಎಂದೆ.

“ಹಳೇ ಗ್ಯಾಸ್ ಬಿಡಾದ್ರಿ ಸಾರ್. ಅದನ್ನ ಬಿಟ್ಟು ಹೊಸದು ತುಂಬ್ಬೇಕು.”

“ಎಲ್ಲಿಗೆ ಬಿಡ್ತೀ?”

ಹುಡುಗ ನಕ್ಕ. “ಎಲ್ಲಿಗಂದ್ರೆ, ಗಾಳಿಗ್ರಿ. ವಾಸ್ನಿ ಇಲ್ಲ, ಬಣ್ಣ ಇಲ್ಲ, ಏನೂ ಆಗಂಗಿಲ್ಲ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಅಂಗಳದಲ್ಲಿ ಏನೂ ಆಗಲಿಲ್ಲ. ಯಾವುದರೊಡನೆಯೂ ಕೂಡದ, ಮಳೆಯಲ್ಲಿ ತೊಳೆದುಹೋಗದ, ಮಣ್ಣಿಗೆ ಇಂಗದ ಆ ಅನಿಲಕ್ಕೆ ಮೇಲೇರುವುದೊಂದೇ ದಾರಿ. ಫ್ರಿಜ್ಜಿನಲ್ಲಿ ಬಳಸುತ್ತಿದ್ದ ಬಗೆಯದು ನೂರು ವರ್ಷದವರೆಗೂ ವಾಯುಮಂಡಲದಲ್ಲಿ ಇರಬಲ್ಲುದು. ಕೆಳಗೆ ಇಷ್ಟು ಸಾಧುವಾದ ಈ ಅನಿಲ ಸ್ತರಗೋಳವನ್ನು ಮುಟ್ಟಿದಾಗ, ಅಲ್ಲಿಯ ಬಿರುಸಾದ ಅತಿನೇರಿಳೆಯು ಅದರೊಳಗಿಂದ ಕ್ಲೋರೀನನ್ನು ಬಿಡಿಸುತ್ತದೆ. ಬಿಡುಗಡೆಯಾದ ಒಂದು ಕ್ಲೋರೀನ್ ಪರಮಾಣು ಓಜೋನನ್ನು ಒಡೆದು, ತಾನು ಮಾತ್ರ ಸವೆಯದೆ ಹೊರಬಂದು, ಇನ್ನೊಂದಕ್ಕೆ ಕೈಹಾಕುತ್ತದೆ. ಹೀಗೆ ಒಂದು ಲಕ್ಷದವರೆಗೂ ಓಜೋನ್ ಅಣುಗಳನ್ನು ಅದು ಮುಗಿಸಬಲ್ಲುದೆಂದು ಲೆಕ್ಕ. ಮಾರಿಯೊ ಮೊಲಿನ ಮತ್ತು ಶೆರ್ವುಡ್ ರೋಲೆಂಡ್ ಕ್ಯಾಲಿಫೋರ್ನಿಯದಲ್ಲಿ ಕುಳಿತು 1974ರಲ್ಲಿ ಪ್ರಕಟಿಸಿದ್ದು ಈ ಲೆಕ್ಕವನ್ನು. ಆಗ ಆಕಾಶದಲ್ಲಿ ತೂತೂ ಇರಲಿಲ್ಲ, ಪುರಾವೆಯೂ ಇರಲಿಲ್ಲ. ಕಾಗದದ ಮೇಲಿನ ರಸಾಯನವಷ್ಟೇ. ತಯಾರಕರು ಅವರನ್ನು ಹಲವು ವರ್ಷ ಗೇಲಿ ಮಾಡಿದರು.

ಇಲ್ಲಿ ಇನ್ನೊಬ್ಬ ರಾಮನಾಥನ್ನರ ಮಾತು ಬಾರದಿದ್ದರೆ ನಮ್ಮ ನಾಡಿನ ಲೆಕ್ಕ ಅಪೂರ್ಣವಾದೀತು. ವೀರಭದ್ರನ್ ರಾಮನಾಥನ್ ಮದುರೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಬೆಂಗಳೂರಿಗೆ ಬಂದು ಅಲ್ಲಿ ಓದಿದವರು. ಎಂಜಿನಿಯರಿಂಗ್ ಪದವಿ ಮುಗಿಸಿ ಸಿಕಂದರಾಬಾದಿನ ಶೈತ್ಯಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ವಹಿಸಿದ ಹೊಣೆ, ಯಂತ್ರದಿಂದ ಈ ಅನಿಲ ಸೋರಿಹೋಗುವುದನ್ನು ತಡೆಯುವುದು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸ್ನಾತಕೋತ್ತರ ವ್ಯಾಸಂಗ, ಅಲ್ಲಿಂದ ಅಮೆರಿಕ. 1975ರಲ್ಲಿ ಅವರು ಕಂಡುಹಿಡಿದದ್ದು ಸೋರಿದ ಆ ಅನಿಲದ ಎರಡನೆಯ ಅವಗುಣ: ಅದು ಭೂಮಿಯ ಕಾವನ್ನು ಹೊರಹೋಗಗೊಡದೆ ಹಿಡಿದಿಡುತ್ತದೆ. ಅದರ ಒಂದು ಅಣು ಇಂಗಾಲಾಮ್ಲದ ಹತ್ತು ಸಾವಿರ ಅಣುಗಳಿಗಿಂತ ಹೆಚ್ಚು ಕಾವನ್ನು ತಡೆಯಬಲ್ಲುದು. ಓಜೋನಿನ ನಾಶವೂ ಭೂಮಿಯ ಕಾವೂ ಬೇರೆ ಬೇರೆ ರೋಗಗಳು; ಎರಡಕ್ಕೂ ಕಾರಣವಾಗಬಲ್ಲ ದ್ರವ್ಯ ಒಂದಿದೆ ಎಂಬಷ್ಟೇ ನಂಟು. ಮಕ್ಕಳ ಪ್ರಬಂಧದಲ್ಲಿ ಗಂಟುಬಿದ್ದ ದಾರದ ನಿಜವಾದ ಎಳೆ ಇದು.

ಇನ್ನು ಹ್ಯಾಲಿಯ ಕಥೆ. ಮಂಜಿನ ಮಧ್ಯೆ, ಹಳೆಯ ಮಾದರಿಯ ಯಂತ್ರವೊಂದನ್ನು ಇಟ್ಟುಕೊಂಡು, ವರ್ಷ ವರ್ಷವೂ ಅದೇ ಅಳತೆಯನ್ನು ಬರೆದಿಡುವ ಕೆಲಸ. ಹೊಸದೇನೂ ಇಲ್ಲದ ಇಂಥ ಕೆಲಸಕ್ಕೆ ಹಣ ಕೊಡುವವರಿಗೂ ಬೇಸರ ಬರುವುದು ಸಹಜ. ಆದರೆ ಜೋಸೆಫ್ ಫಾರ್ಮನ್ ಮತ್ತು ಅವರ ಇಬ್ಬರು ಸಂಗಡಿಗರು 1985ರಲ್ಲಿ ಆ ಪಟ್ಟಿಯನ್ನು ಲೋಕದ ಮುಂದಿಟ್ಟಾಗ ವಿಜ್ಞಾನಿಗಳು ದಂಗಾದರು. ಅಲ್ಲಿಯ ವಸಂತದಲ್ಲಿ, ಎಂದರೆ ನಮ್ಮ ನವರಾತ್ರಿಯ ಸುಮಾರಿಗೆ, ಹ್ಯಾಲಿಯ ಮೇಲಣ ಓಜೋನ್ ಮೊದಲಿನ ಮೂರರಲ್ಲಿ ಎರಡು ಪಾಲಿಗೆ ಇಳಿದಿತ್ತು. ಮೊಲಿನ, ರೋಲೆಂಡರೂ ಇಷ್ಟು ಬೇಗ, ಇಷ್ಟೊಂದು ನಿರೀಕ್ಷಿಸಿರಲಿಲ್ಲ. ಅಲ್ಲಿಯೇ ಏಕೆ? ಆರು ತಿಂಗಳ ಇರುಳಿನಲ್ಲಿ ಸೊನ್ನೆಗಿಂತ 78 ಡಿಗ್ರಿ ಕೆಳಗಿಳಿಯುವ ಆ ಚಳಿಯಲ್ಲಿ ಸ್ತರಗೋಳದೊಳಗೆ ಮಂಜಿನ ಮೋಡಗಳು ಕಟ್ಟುತ್ತವೆ; ಅವುಗಳ ಕಣಗಳ ಮೇಲೆ ಕ್ಲೋರೀನ್ ಸಜ್ಜಾಗಿ ಕಾದಿದ್ದು, ಸೂರ್ಯ ಮೂಡಿದೊಡನೆ ಓಜೋನಿನ ಮೇಲೆ ಬೀಳುತ್ತದೆ. ದಾವಣಗೆರೆಯ ಅಂಗಳದಿಂದ ಹೊರಟ ಅನಿಲವೂ ಕೊನೆಗೆ ಅಲ್ಲಿಗೆ ಮುಟ್ಟುತ್ತದೆ. ತೂತು ನಮ್ಮದಲ್ಲದಿದ್ದರೂ ಅದನ್ನು ಕೊರೆದ ಕೈಗಳಲ್ಲಿ ನಮ್ಮದೂ ಒಂದು.

1987ರ ಸೆಪ್ಟೆಂಬರ್ 16ರಂದು ಕೆನಡದ ಮಾಂಟ್ರಿಯಲ್ಲಿನಲ್ಲಿ ಒಪ್ಪಂದವಾಯಿತು. ಭಾರತ ಕೂಡಲೇ ಸಹಿ ಹಾಕಲಿಲ್ಲ. ಬಹುಪಾಲು ಅನಿಲವನ್ನು ಗಾಳಿಗೆ ಬಿಟ್ಟವರು ಶ್ರೀಮಂತ ದೇಶದವರು. ನಮ್ಮಲ್ಲಿ ಫ್ರಿಜ್ಜು ಆಗತಾನೆ ಮನೆಗೆ ಬರುತ್ತಿದ್ದ ಕಾಲ. ಬದಲಿ ಅನಿಲದ ತಂತ್ರವನ್ನೂ ಅದಕ್ಕೆ ತಗಲುವ ವೆಚ್ಚವನ್ನೂ ಅವರೇ ಕೊಡಬೇಕೆಂದು 1990ರ ಲಂಡನ್ ಸಭೆಯಲ್ಲಿ ಆಗಿನ ಪರಿಸರ ಸಚಿವೆ ಮೇನಕಾ ಗಾಂಧಿ ಪಟ್ಟುಹಿಡಿದರು. ಚೀನವೂ ಜೊತೆಗೂಡಿತು. ಅದಕ್ಕಾಗಿ ನಿಧಿಯೊಂದು ಏರ್ಪಟ್ಟ ಮೇಲೆ, 1992ರಲ್ಲಿ, ಭಾರತ ಸೇರಿತು. ಹಟವೆಂದು ಕೆಲವರು ಟೀಕಿಸಿದರು. ನ್ಯಾಯವೆಂದೇ ನನ್ನ ಅಭಿಪ್ರಾಯ. 2000ದಲ್ಲಿ ನಮ್ಮ ದೇಶದ ನಿಯಮಗಳು ಬಂದವು. 2010ರ ಹೊತ್ತಿಗೆ ಹಳೆಯ ಫ್ರಿಯಾನ್ ಬಳಕೆ ನಿಂತಿತು. ಲೋಕದ ರಾಷ್ಟ್ರಗಳೆಲ್ಲ ಒಂದನ್ನೂ ಬಿಡದೆ ಒಪ್ಪಿದ ಅಪೂರ್ವ ಒಪ್ಪಂದವಿದು. 2023ರ ಜನವರಿಯಲ್ಲಿ ಹೊರಬಂದ ವಿಜ್ಞಾನಿಗಳ ವರದಿಯಂತೆ, ಹೀಗೆಯೇ ನಡೆದರೆ ಲೋಕದ ಹೆಚ್ಚು ಭಾಗದಲ್ಲಿ 2040ರ ಸುಮಾರಿಗೆ, ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೆ, ಓಜೋನ್ 1980ರ ಮಟ್ಟಕ್ಕೆ ಮರಳುತ್ತದೆ. ಮಧ್ಯೆ 2018ರಲ್ಲಿ, ನಿಷೇಧವಾದ ಅನಿಲವೊಂದು ಮತ್ತೆ ಎಲ್ಲಿಂದಲೋ ಏರುತ್ತಿದೆಯೆಂದು ಅಳತೆಗಾರರು ಗುರುತಿಸಿದರು. ಹುಡುಕಿದಾಗ ಜಾಡು ಬಹುಮಟ್ಟಿಗೆ ಪೂರ್ವ ಚೀನದ ಕಡೆಗೆ ತೋರಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಇಳಿಯಿತು. ಕಳ್ಳನನ್ನು ಹಿಡಿಯಬೇಕಾದರೆ ಕಾವಲುಗಾರ ಎಚ್ಚರವಾಗಿರಬೇಕಷ್ಟೆ.

ಬದಲಿಯಾಗಿ ಬಂದ ಅನಿಲಗಳೂ ನಿರ್ದೋಷಿಗಳಲ್ಲ. ಕ್ಲೋರೀನಿಲ್ಲದ ಹೊಸ ಬಗೆಯವು ಓಜೋನಿಗೆ ಕೈಹಚ್ಚುವುದಿಲ್ಲ, ಆದರೆ ಎರಡನೆಯ ರಾಮನಾಥನ್ ತೋರಿಸಿದ ರೀತಿಯಲ್ಲಿ ಭೂಮಿಯನ್ನು ಕಾಯಿಸುತ್ತವೆ. ಅವನ್ನೂ ಇಳಿಸಬೇಕೆಂದು 2016ರಲ್ಲಿ ಆಫ್ರಿಕದ ಕಿಗಾಲಿಯಲ್ಲಿ ತೀರ್ಮಾನವಾಗಿ, ಭಾರತವು 2021ರಲ್ಲಿ ಅದನ್ನು ಒಪ್ಪಿದೆ. ನಮ್ಮ ಪಾಲಿನ ಕಡಿತ 2032ರಿಂದ ತೊಡಗುತ್ತದೆ. ಬೇಸಿಗೆ ಬಂತೆಂದರೆ ನಮ್ಮ ಬಡಾವಣೆಯ ಹೊಸ ಮನೆಗಳ ಗೋಡೆಗಳಿಗೆ ಒಂದೊಂದಾಗಿ ಏಸಿ ಪೆಟ್ಟಿಗೆಗಳು ತೂಗಿಕೊಳ್ಳುತ್ತಿವೆ. ಅವುಗಳ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿದುಕೊಳ್ಳುವ ಯಂತ್ರವೂ ಉಂಟು. ಕಿಗಾಲಿಯ ತೀರ್ಮಾನ ನಡೆಯುವುದು ರಾಜಧಾನಿಗಳಲ್ಲಲ್ಲ, ಆ ಯಂತ್ರವನ್ನು ಹೆಗಲಿಗೇರಿಸಿ ಮಹಡಿ ಹತ್ತುವ ಹುಡುಗನ ಕೈಯಲ್ಲಿ; ಅದಕ್ಕಾಗಿ ಅವನಿಗೆ ನಾಲ್ಕು ಕಾಸು ಹೆಚ್ಚು ಕೊಡಲು ನಾವು ಒಪ್ಪುತ್ತೇವೆಯೇ ಎಂಬುದರಲ್ಲಿ.

ಇಷ್ಟೆಲ್ಲ ದೂರದ ಮಾತಾಯಿತು. ಈಗ ಹೊಳೆಯ ಕಡೆಗೆ ನಡೆಯೋಣ.

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ, ಹೊನ್ನಾಳಿಯನ್ನು ದಾಟಿ, ಹರಿಹರಕ್ಕೆ ಬರುವ ತುಂಗಭದ್ರೆ ನಮಗೆ ಕುಡಿಯುವ ನೀರನ್ನೂ ಕೊಡುವ ಹೊಳೆ. ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತ ಹರಿಹರೇಶ್ವರನ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 13ನೆಯ ಶತಮಾನದ ಮೊದಲ ಪಾದದಲ್ಲಿ ಕಟ್ಟಿಸಿದ್ದು ಈ ದಡದಲ್ಲಿಯೇ. ‘ಗಂಗಾಸ್ನಾನ, ತುಂಗಾಪಾನ’ವೆಂಬ ಮಾತು ತುಂಗೆಯ ನೀರಿನ ಸವಿಗೆ ಸಂದ ಬಿರುದು. ಇಂದು ಹರಿಹರದ ದಡದಲ್ಲಿ ನಿಂತು ಆ ಮಾತನ್ನು ಗಟ್ಟಿಯಾಗಿ ಹೇಳಲು ನಾಲಗೆ ಹಿಂಜರಿಯುತ್ತದೆ.

ಈಗ ಇನ್ನೊಂದು ಆಮ್ಲಜನಕದ ವಿಚಾರ. ನೀರಿನೊಳಗಿನ ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ನಮ್ಮ ಬೇಸಿಗೆಯ ಹೊಳೆಯ ಒಂದು ಲೀಟರ್ ನೀರು ಹಿಡಿದುಕೊಳ್ಳಬಲ್ಲುದು ಬರಿಯ ಏಳೆಂಟು ಮಿಲಿಗ್ರಾಂ. ಓಜೋನಿನ ಮೂರು ಮಿಲಿಮೀಟರಿನಂತೆ ಇದೂ ಬಡವನ ಗಂಟು. ಮಲ, ಸಗಣಿ, ಎಂಜಲು, ಮರದ ತಿರುಳಿನ ರಸ, ಯಾವುದೇ ಕೊಳೆಯುವ ಪದಾರ್ಥ ಹೊಳೆಗೆ ಬಿದ್ದರೂ ಅದನ್ನು ಕೊಳೆಯಿಸುವ ಸೂಕ್ಷ್ಮಾಣುಗಳು ಈ ಗಂಟಿಗೇ ಕೈಹಾಕುತ್ತವೆ. ಲೀಟರಿಗೆ ನಾಲ್ಕು ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಮೀನು ಬೆಳೆಯಲು ತಕ್ಕ ನೀರಲ್ಲವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಗೊತ್ತುವಳಿ. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಾಗಿ ನಿಂತಾಗ ಮೀನು ರಾಶಿಯಾಗಿ ತೇಲುವುದು ವಿಷದಿಂದಲೇ ಆಗಬೇಕೆಂದಿಲ್ಲ, ಉಸಿರುಗಟ್ಟಿಯೂ ಆಗಬಹುದು.

ಹರಿಹರದ ಎದುರು ದಡ ಕುಮಾರಪಟ್ಟಣ. 1970ರ ದಶಕದಲ್ಲಿ ಅಲ್ಲಿ ಮರದ ತಿರುಳಿನ ಕಾರ್ಖಾನೆ, ಹರಿಹರ ಪಾಲಿಫೈಬರ್ಸ್, ಎದ್ದು ನಿಂತಿತು; ಪಕ್ಕದಲ್ಲಿ ರೇಯಾನ್ ಎಳೆಯ ಘಟಕ. ಸಾವಿರಾರು ಸಂಸಾರಗಳಿಗೆ ಅನ್ನ ದೊರೆಯಿತು. ಇದನ್ನು ಮರೆತು ಮಾತಾಡುವುದು ಅನ್ಯಾಯ. ಅದರ ಜೊತೆಗೆ ಕೆಳದಂಡೆಯ ಹಳ್ಳಿಗಳಿಂದ ದೂರುಗಳೂ ಬಂದವು: ನೀರಿನ ಬಣ್ಣ ಕಂದಾಯಿತು, ಮೀನು ಸತ್ತವು, ದನಗಳ ಮೈಯಲ್ಲಿ ಹುಣ್ಣು, ಜನರಿಗೆ ಚರ್ಮದ ತುರಿಕೆ. 1984ರಲ್ಲಿ ಧಾರವಾಡದಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಇದೂ ಒಂದು. ಅವರು ಬರಿಯ ಘೋಷಣೆ ಕೂಗಲಿಲ್ಲ. ಹಳ್ಳಿಹಳ್ಳಿಗೂ ಹೋಗಿ ಮೀನುಗಾರರನ್ನೂ ರೈತರನ್ನೂ ಮಾತಾಡಿಸಿ, ಆದ ನಷ್ಟವನ್ನು ಬರೆದುಕೊಂಡರು. ಆ ಒತ್ತಡದಿಂದ ಕಾರ್ಖಾನೆಯ ಕೊಳೆನೀರಿನ ಶುದ್ಧೀಕರಣದ ಪ್ರಶ್ನೆ ಸರಕಾರದ ಮುಂದೆ ಬಂದು ನಿಂತಿತು. ಇಂಥ ವಿಷ, ಇಂಥ ಕೊಳವೆಯಿಂದ, ಇಂಥ ಮಡುವಿಗೆ ಎಂದು ಹೇಳಬಲ್ಲವರಾದುದರಿಂದ ಅವರ ಮಾತನ್ನು ತಳ್ಳಿಹಾಕುವುದು ಸುಲಭವಾಗಲಿಲ್ಲ.

ಆ ಹೋರಾಟದ ಇನ್ನೊಂದು ಕವಲು, ಗಿಡ ನೆಡಬೇಕೆಂದು ಬರೆದ ಮಕ್ಕಳಿಗೆ ಹೇಳಬೇಕಾದದ್ದು. ತಿರುಳಿಗೆ ಮರ ಬೇಕಲ್ಲವೆ? ಅದಕ್ಕಾಗಿ 1984ರಲ್ಲಿ ಸರಕಾರಿ ಅರಣ್ಯ ನಿಗಮವೂ ಈ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರ್ ನೆಲದಲ್ಲಿ ನೀಲಗಿರಿ ಮುಂತಾದವನ್ನು ಬೆಳೆಸಲು ಹೊರಟವು. ಹಳ್ಳಿಯ ದನಗಳ ಹುಲ್ಲು, ಒಲೆಯ ಸೌದೆ ಸಿಗುತ್ತಿದ್ದ ನೆಲವದು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿಯ ಸಸಿಗಳನ್ನು ಕಿತ್ತು, ಹಣ್ಣು, ಮೇವು ಕೊಡುವ ಸಸಿಗಳನ್ನು ಹಚ್ಚಿದರು. ಸತ್ಯಾಗ್ರಹದ ಹೆಸರೇ ‘ಕಿತ್ತಿಕೊ, ಹಚ್ಚಿಕೊ’. ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಗಿಡ ನೆಡುವುದೇ ಅನ್ಯಾಯವಾದ ಕಾಲವೊಂದು ನಮ್ಮ ಹೊಳೆಯ ಆಚೆ ದಡದಲ್ಲಿ ಇತ್ತು. ಯಾವ ಗಿಡ, ಯಾರ ನೆಲದಲ್ಲಿ, ಯಾರ ಸಲುವಾಗಿ ಎಂದು ಅಲ್ಲಿಯ ರೈತರು ಕೇಳಿದರು. ನಮ್ಮ ಭಾಷಣಕಾರರು ಕೇಳುವುದಿಲ್ಲ.

ಕಾರ್ಖಾನೆಗೆ ಹೆಸರಿತ್ತು, ಬಾಗಿಲಿತ್ತು. ಅದರ ಮುಂದೆ ಕೂರಬಹುದಾಗಿತ್ತು. ಊರಚರಂಡಿಗೆ ಬಾಗಿಲೆಲ್ಲಿ? ಶಿವಮೊಗ್ಗದ ಚರಂಡಿ ತುಂಗೆಗೆ, ಹರಿಹರದ ಚರಂಡಿ ತುಂಗಭದ್ರೆಗೆ ಬಹುಕಾಲದಿಂದ ಸೇರುತ್ತ ಬಂದಿವೆ. ಇದಕ್ಕೆ ಯಾವ ಮಾಲೀಕನೂ ಇಲ್ಲ, ಏಕೆಂದರೆ ಮಾಲೀಕರು ನಾವೆಲ್ಲರೂ. ಹೊಳೆಯ ಈ ದಡ ಒಂದು ಜಿಲ್ಲೆ, ಆ ದಡ ಇನ್ನೊಂದು. 1997ರಲ್ಲಿ ದಾವಣಗೆರೆಯೂ ಹಾವೇರಿಯೂ ಹೊಸ ಜಿಲ್ಲೆಗಳಾದ ಮೇಲೆ ನಡುನೀರಿನ ಕೊಳೆ ಯಾರದೆಂಬುದಕ್ಕೆ ಕಾಗದಪತ್ರ ಓಡಾಡುವುದು ಇನ್ನಷ್ಟು ಸುಲಭವಾಯಿತು. 2018ರಲ್ಲಿ ಕೇಂದ್ರ ಮಂಡಳಿ ಕರ್ನಾಟಕದಲ್ಲಿ ಕಲುಷಿತವೆಂದು ಗುರುತಿಸಿದ 17 ನದೀಭಾಗಗಳಲ್ಲಿ ತುಂಗೆ, ಭದ್ರೆ, ತುಂಗಭದ್ರೆ ಮೂರರ ಹೆಸರೂ ಇದೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ಪಾದಯಾತ್ರೆಯೊಂದು ಹೊಳೆಯ ದಡದುದ್ದಕ್ಕೂ ನಡೆದು ಈ ಮಾತನ್ನೇ ಊರೂರಿಗೆ ಹೇಳಿತು. ಮಾಂಟ್ರಿಯಲ್ಲಿನಲ್ಲಿ ಕೂಡಿ ಸಹಿಮಾಡಿದವರು ಬೆರಳೆಣಿಕೆಯ ತಯಾರಕರನ್ನು ಬಗ್ಗಿಸಿದರೆ ಸಾಕಿತ್ತು. ಬದಲಿ ಅನಿಲವೂ ಕೈಗೆ ಬಂದಿತ್ತು. ಮಲಕ್ಕೆ ಬದಲಿಯಿಲ್ಲ. ಅದನ್ನು ಶುದ್ಧಿಮಾಡುವ ಘಟಕ ಕಟ್ಟಬೇಕು, ಕಟ್ಟಿದ್ದನ್ನು ವಿದ್ಯುತ್ತು ಕೊಟ್ಟು ದಿನವೂ ನಡೆಸಬೇಕು, ತೆರಿಗೆ ತೆರಬೇಕು. ಇದು ಓಜೋನಿಗಿಂತ ಕಷ್ಟದ ಕೆಲಸವೆಂದು ಒಪ್ಪಿಕೊಂಡೇ ಮುಂದಿನ ಮಾತು.

ಗಾಳಿಯ ಮಾತೊಂದು ಉಳಿಯಿತು. ದಾವಣಗೆರೆಯೆಂದರೆ ಮಂಡಕ್ಕಿ. ನಮ್ಮ ಊರಿನ ಮಂಡಕ್ಕಿ, ಮೆಣಸಿನಕಾಯಿಯ ರುಚಿಯನ್ನು ವಾಚಕರಿಗೆ ಹೊಸದಾಗಿ ಹೇಳಬೇಕಿಲ್ಲ. ಆ ಮಂಡಕ್ಕಿಯನ್ನು ಹುರಿಯುವ ಭಟ್ಟಿಗಳಲ್ಲಿ ಭತ್ತದ ಹೊಟ್ಟಿನೊಡನೆ ಹಳೆಯ ಟೈರುಗಳನ್ನೂ ಉರಿಸುತ್ತಿದ್ದರೆಂಬುದು ಊರಿಗೆಲ್ಲ ತಿಳಿದ ಸಂಗತಿ. ಟೈರಿನ ಹೊಗೆಯಲ್ಲಿ ಮಸಿ, ಗಂಧಕದ ಅನಿಲ, ಎದೆಗೆ ಕೇಡಾದ ಇನ್ನೂ ಹಲವು ಇವೆ. ಇದು ಓಜೋನ್ ಪದರವನ್ನು ಮುಟ್ಟುವುದಿಲ್ಲ. ಅದಕ್ಕೆ ಬಹಳ ಮೊದಲೇ ಭಟ್ಟಿಯ ಮುಂದೆ ಜಲ್ಲಡಿ ಹಿಡಿದ ಕೂಲಿಯವನ ಶ್ವಾಸಕೋಶವನ್ನು ಮುಟ್ಟುತ್ತದೆ. ‘ಓಜೋನ್ ಉಳಿಸಿ’ ಎಂದು ಮೆರವಣಿಗೆ ಮಾಡುವಾಗ ಆ ಕೂಲಿಯವನು ಲೆಕ್ಕದಿಂದ ಬಿಟ್ಟುಹೋಗುತ್ತಾನೆ. ಮತ್ತೊಂದು ವಿಪರ್ಯಾಸವೂ ಇದೆ. ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳೂ ಪೆಟ್ರೋಲಿನಂಥ ಆವಿಗಳೂ ಬಿಸಿಲಿನಲ್ಲಿ ಬೆಂದು ನೆಲದ ಮಟ್ಟದಲ್ಲಿ ಓಜೋನನ್ನೇ ಹುಟ್ಟಿಸುತ್ತವೆ. ಮೇಲೆ ಕವಚವಾದುದು ಇಲ್ಲಿ ವಿಷ: ಉಬ್ಬಸದವರಿಗೆ ಕಷ್ಟ, ಪೈರಿನ ಎಲೆಗೆ ಚುಕ್ಕೆ. ಹೀಗಿರುವಾಗ ದಾವಣಗೆರೆಯ ಬೀದಿಯಲ್ಲಿ ಓಜೋನ್ ಉಳಿಸಬೇಕೋ ಕಳೆಯಬೇಕೋ ಎಂದು ಮಕ್ಕಳು ಕೇಳಿದರೆ, ಎತ್ತರ ಎಷ್ಟು ಹೇಳು ಎಂದು ನಾವು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಹ್ಯಾಲಿಯವರ ತಾಳ್ಮೆಯನ್ನು ಹರಿಹರದ ದಡಕ್ಕೆ ತರಲು ದೊಡ್ಡ ಯಂತ್ರವೇನೂ ಬೇಡ. ನೀರಿನ ಆಮ್ಲಜನಕವನ್ನು ಅಳೆಯುವ ರೀತಿಯನ್ನು ಹಂಗೆರಿಯ ಲಾಯೋಶ್ ವಿಂಕ್ಲರ್ 1888ರಷ್ಟು ಹಿಂದೆಯೇ ಹೇಳಿಕೊಟ್ಟಿದ್ದಾನೆ. ಕಾಲೇಜಿನ ರಸಾಯನಶಾಲೆಯಲ್ಲಿ ಸಿಗುವ ಸಾಮಗ್ರಿ ಸಾಕು. ಗುಳ್ಳೆ ಉಳಿಯದಂತೆ ಶೀಸೆಯ ತುಂಬ ಹೊಳೆನೀರು ಹಿಡಿಯಬೇಕು. ಮ್ಯಾಂಗನೀಸಿನ ಲವಣ, ಕ್ಷಾರ ಬೆರೆಸಿದ ಅಯೊಡೈಡು, ಎರಡನ್ನೂ ಸ್ವಲ್ಪ ಸ್ವಲ್ಪ ಹಾಕಿ ಬಿರಡೆ ಬಿಗಿದು ತಿರುವಬೇಕು. ಆಮೇಲೆ ಆಮ್ಲ ಸೇರಿಸಿ, ಗಂಜಿಯ ನೀಲಿ ಬಣ್ಣ ಮಾಯವಾಗುವವರೆಗೆ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಟ್ಟು ಲೆಕ್ಕಹಾಕುವ ವಿಧಾನ ಪಾಠದ ಪುಸ್ತಕದಲ್ಲಿದೆ. ಗುಡಿಯ ಮೇಲುಗಡೆಯ ನೀರು ಒಂದು ಶೀಸೆ, ಚರಂಡಿ ಸೇರುವಲ್ಲಿಯದು ಒಂದು, ಸೇತುವೆಯ ಕೆಳಗಿನದು ಒಂದು. ಪ್ರತಿ ತಿಂಗಳೂ ಅದೇ ಜಾಗ, ಅದೇ ಹೊತ್ತು, ಒಂದೇ ನೋಟುಬುಕ್ಕು. ಒಂದು ವರ್ಷದ ವಿದ್ಯಾರ್ಥಿಗಳು ಮುಂದಿನ ವರ್ಷದವರಿಗೆ ಒಪ್ಪಿಸಿ ಹೋಗಬೇಕು. ಲೆಕ್ಕಕ್ಕೆ ಮೊದಲೇ, ಕಣ್ಣಿಗೇ ಕಾಣುವ ಗುರುತೂ ಉಂಟು. ನೀರಿನಲ್ಲಿ ಆಮ್ಲಜನಕವಿದ್ದರೆ ಶೀಸೆಯ ತಳದಲ್ಲಿ ಕಂದುಬಣ್ಣದ ಗಷ್ಟು ಇಳಿಯುತ್ತದೆ. ಇಲ್ಲದಿದ್ದರೆ ಗಷ್ಟು ಬೆಳ್ಳಗೇ ಉಳಿಯುತ್ತದೆ.